ಅಳತೆಗೆ ಬಂದ ಕೋಟು

13 ಅಕ್ಟೋಬರ್ 1957, ಭಾನುವಾರ

ಅವ್ವನ ತಲೆಗೆ ಎಣ್ಣೆ ಒತ್ತಿ, ನೀರೆರೆದು, ಅಪ್ಪನ ಜೊತೆ ಸಯ್ಯಾಜಿರಾವ್ ರಸ್ತೆಗೆ ಹೊರಟೆ. ವರನ ಕೋಟಿಗೆ ಬಟ್ಟೆ. ಹೆಣ್ಣಿನ ಮನೆಯವರು ಸೂಟು ಕೊಡುವುದು ಪದ್ಧತಿ. ಇವರು ಕೇಳಿದ್ದು ಬರೀ ಕೋಟು, ಆದರೆ ಉಣ್ಣೆಯದೇ ಆಗಬೇಕಂತೆ. ವರ ಷಡಕ್ಷರಿಯವರು ಊಟಿ ಕಡೆ ಟೀ ಎಸ್ಟೇಟಿನಲ್ಲಿ ರೈಟರ್, ಲೆಕ್ಕ ಬರೆಯುವ ಕೆಲಸ. ಅಲ್ಲಿ ಚಳಿ. ಅವರಿಗೆ ಎರಡನೇ ಸಂಬಂಧ, ನನಗೆ ಮೂವತ್ತೊಂದು — ಯಾರು ಯಾರಿಗೆ ಉಪಕಾರ ಮಾಡುತ್ತಿದ್ದಾರೋ!

ಅಂಗಡಿಯವನು ಸರ್ಜ್ ತೆಗೆದ, ಫ್ಲಾನಲ್ ತೆಗೆದ. ಟ್ವೀಡ್ ಕೇಳಿದೆ. ಒರಟು ಬಟ್ಟೆ, ಕಂದು. ಹತ್ತಿರ ಹಿಡಿದರೆ ಹಸಿರು, ಇಟ್ಟಿಗೆ ಕೆಂಪು, ಅಲ್ಲೊಂದು ಇಲ್ಲೊಂದು ಹಳದಿ ಎಳೆ... ಮೇಲೆ ತೆಳುವಾಗಿ ಚೌಕಳಿ. ಮುಷ್ಟಿಯಲ್ಲಿ ಹಿಂಡಿ ಬಿಟ್ಟೆ. ಸುಕ್ಕು ನಿಲ್ಲಲಿಲ್ಲ. ಇದೇ ಇರಲಿ ಅಂದೆ.

ಮನೆಯಲ್ಲಿ ಅವ್ವ ಮುಟ್ಟಿ ನೋಡಿ, "ಇದೇನವ್ವ, ಕಂಬ್ಳಿ ತಂದ್ಬುಟ್ಟಿದ್ದೀಯ?"

ಹೊಲಿಯುವುದು ನಾನೇ. ಟೈಲರಿಗೆ ಕೊಡುವುದಿಲ್ಲ. ಹೊಲಿಗೆ ಡಿಪ್ಲೊಮಾದಲ್ಲಿ ಕೋಟು ಕಲಿತೆ, ಆಮೇಲೆ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಕಲಿಸಿದ್ದು ಲಂಗ, ಚಡ್ಡಿ, ದಿಂಬಿನ ಕವರು. ಇದೊಂದಾದರೂ ನನಗಾಗಿ.

20 ಅಕ್ಟೋಬರ್

ವರನ ತಾಯಿ ಭಾಗ್ಯಮ್ಮನವರು ನಂಜನಗೂಡಿನಿಂದ ಬಂದಿದ್ದರು. ಮದುವೆಗೆ ಮುಂಚೆ ನಾನು ವರನ ಮೈಗೆ ಟೇಪ್ ಹಿಡಿಯುವುದುಂಟೆ! ಅದಕ್ಕೇ ಅಳತೆಗೆಂದು ಒಂದು ಕೋಟು ತಂದುಕೊಟ್ಟರು. "ಹೆಣ್ಣು ನೋಡಕ್ಕೆ ಹಾಕ್ಕೊಂಡ್ ಬಂದಿದ್ನಲ್ಲ, ಅದೇ ಕಣಮ್ಮ. ಇದ್ರಂಗೇ ಹೊಲಿ. ಒಂದ್ ನೂಲೂ ಆಚೀಚೆ ಆಗ್ಬಾರ್ದು."

ಹರಡಿ ಅಳೆದೆ. ಭುಜ ಭಾರಿ ಅಗಲ. ಅವತ್ತು ತಲೆ ತಗ್ಗಿಸಿ ಕೂತಿದ್ದೆ, ಮುಖ ಸರಿಯಾಗಿ ನೋಡಿಲ್ಲ. ಕಂಡದ್ದು ಕೈ. ತೋಳು ಬೆರಳ ಗೆಣ್ಣಿನವರೆಗೆ ಇಳಿದಿತ್ತು, ಕಾಫಿ ಲೋಟ ತೆಗೆದುಕೊಳ್ಳುವಾಗ ಹಿಂದಕ್ಕೆಳೆದುಕೊಂಡರು. ಇದು ಅವರ ಕೋಟಲ್ಲ. ಯಾರದೋ ಇಸಕೊಂಡದ್ದು.

ಅವ್ವನಿಗೆ ಹೇಳಿದೆ. ಗಾಬರಿಯಾದಳು. "ಬಾಯ್ ಮುಚ್ಕೊ! ಎರವಲು ಕೋಟಾ ಅಂತ ಬೀಗ್ರನ್ನ ಕೇಳಕ್ಕಾಯ್ತದಾ? ಮಾನ ಇರೋರು ಕೇಳೋ ಮಾತಾ ಅದು?"

"ಹೊಲ್ದ್ಮೇಲೆ ದೊಡ್ದಾದ್ರೆ?"

"ಮದ್ವೆ ಆಗ್ಲಿ, ನೀನೇ ಬೇಯ್ಸಿಹಾಕಿ ದಪ್ಪ ಮಾಡ್ಕೊ."

ನಗು ಬಂತು. ಆದರೂ... ಅಂದಾಜಿನ ಮೇಲೆ ಸಣ್ಣ ಕತ್ತರಿಸಿ, ಅದು ತಪ್ಪಿದರೆ ಬಟ್ಟೆಯೇ ಹೋಯಿತು. ಅವರು ಕೊಟ್ಟ ಅಳತೆಯಂತೆಯೇ ಆಗಲಿ.

3 ನವೆಂಬರ್

ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಒತ್ತಿ, ಟ್ವೀಡನ್ನು ಮೊದಲೇ ಕುಗ್ಗಿಸಿದೆ. ಮನೆಯೆಲ್ಲ ಕುರಿ ವಾಸನೆ. ಕಾಲೇಜು ಓದುವ ತಮ್ಮ ಮಹದೇವು ಹೊರಗಿನಿಂದ ಬಂದವನು ಮೂಗು ಮುಚ್ಚಿಕೊಂಡ. "ಅಕ್ಕ, ಭಾವ ಮಳೇಲಿ ನೆಂದ್ರೆ ಹಿಂಗೇ ನಾರ್ತಾರಾ?" ಇಸ್ತ್ರಿ ಪೆಟ್ಟಿಗೆ ಎತ್ತಿದೆ. ಓಡಿದ.

ಚೌಕಳಿ ಕೂಡಿಸುವುದೇ ಪ್ರಾಣ ಹಿಂಡುತ್ತದೆ. ಜೇಬಿನ ಗೀಟು ಎದೆಯ ಗೀಟಿಗೆ ಸೇರಬೇಕು. ಹಾಕಿದೆ, ಬಿಚ್ಚಿದೆ, ಮತ್ತೆ ಹಾಕಿದೆ. ಸಂತೋಷವಾಗಿದ್ದೇನೆ. ಬರೆದೇಬಿಡುತ್ತೇನೆ, ಯಾರು ಓದುತ್ತಾರೆ — ನನಗೆ ಈ ಮನೆಯಿಂದ ಹೋಗಬೇಕು. ನನ್ನದು ಅಂತ ಒಂದು ಒಲೆ, ಒಂದು ಮಗು. ಎಷ್ಟು ಚಳಿಯ ಊರಾದರೂ ಸರಿ.

24 ನವೆಂಬರ್, ಭಾನುವಾರ. ಸಂಜೆ

ನಿಶ್ಚಿತಾರ್ಥ ಆಗಲಿಲ್ಲ.

ವೀಳ್ಯ ಬದಲಾಯಿಸುವ ಮುಂಚೆ ಯಾರೋ, ಕೋಟು ಹಾಕಿಸಿ ನೋಡಿ ಅಂದರು. ಎಲ್ಲರೆದುರು ಹಾಕಿಕೊಂಡರು. ಭುಜ ಜಾರಿ ತೋಳಿನ ಮೇಲೆ ಕೂತಿತು. ಬೆರಳು ಕಾಣಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಷಡಕ್ಷರಿಯವರು ನೆಲ ನೋಡುತ್ತ ನಿಂತುಬಿಟ್ಟರು. ಇವತ್ತು ಮುಖ ನೋಡಿದೆ. ಒಳ್ಳೆಯ ಮುಖ.

ಭಾಗ್ಯಮ್ಮನವರು, "ಹೊಲಿಗೆ ಟೀಚರು ಅಂದ್ರಿ. ಒಂದ್ ಕೋಟು ನೆಟ್ಗೆ ಹೊಲಿಯಕ್ಕೆ ಬರಲ್ವಲ್ರೀ!"

ಬಿಚ್ಚಿ ಸಣ್ಣ ಮಾಡಿಕೊಡುತ್ತೇನೆ ಅನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅಪ್ಪ. ಜನ್ಮದಲ್ಲಿ ದನಿ ಏರಿಸದ ನಮ್ಮ ಅಪ್ಪ! "ನನ್ ಮಗಳ ಕೈ ತಪ್ಪಲ್ಲ ಕಣಮ್ಮ. ಮಹದೇವು, ಅಳತೆ ಕೋಟು ತಗೊಂಬಾರೋ. ಅದನ್ನೂ ಹಾಕ್ಲಿ, ಎಲ್ಲಾರೂ ನೋಡ್ಲಿ!"

ಮಹದೇವು ತಂದ. ವರನ ಪಕ್ಕ ಕೂತಿದ್ದ ಅವರ ದಪ್ಪನೆಯ ಭಾವ ಕಿಟಕಿ ಕಡೆ ತಿರುಗಿಕೊಂಡ. ಯಾರ ಕೋಟೆಂದು ಎಲ್ಲರಿಗೂ ಗೊತ್ತಾಯಿತು. ಷಡಕ್ಷರಿಯವರು ಅದನ್ನು ಹಾಕಲಿಲ್ಲ. ನಾನು ಹೊಲಿದದ್ದನ್ನು ಕಳಚಿ, ನಿಧಾನವಾಗಿ ಮಡಿಸಿ, ಜಮಖಾನದ ಮೇಲಿಟ್ಟರು. "ನಡಿಯವ್ವ" ಅಂದರು. ಊಟಕ್ಕೆ ಎಲೆ ಹಾಕಿತ್ತು. ಯಾರೂ ಕೂರಲಿಲ್ಲ. ಚಾಮರಾಜಪುರಂ ಸ್ಟೇಷನ್ ಕಡೆ ನಡೆದುಹೋದರು.

25 ನವೆಂಬರ್

ಅಪ್ಪ ನನ್ನ ಮುಖ ನೋಡುತ್ತಿಲ್ಲ. ನಿಮ್ಮದೇನೂ ತಪ್ಪಿಲ್ಲ ಅಪ್ಪ ಅಂದೆ. ಸುಳ್ಳು. ಅಪ್ಪ ಸುಮ್ಮನಿದ್ದಿದ್ದರೆ ಆಗುತ್ತಿರಲಿಲ್ಲವೇ? ನನ್ನ ಪರವಾಗಿ ಯಾರು ಮಾತಾಡಿ ಅಂದರು?

2 ಮಾರ್ಚ್ 1958

ಷಡಕ್ಷರಿಯವರ ಮದುವೆಯಾಯಿತಂತೆ. ಹುಣಸೂರಿನ ಹುಡುಗಿ.

ಅವ್ವ ಕೋಟನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾಳೆ. "ಇನ್ನೊಬ್ಬ ಬರ್ತಾನೆ. ಅವ್ನಿಗೆ ಆಯ್ತದೆ ಬುಡು." ಇನ್ನು ಮುಂದೆ ವರನ ಸಂಬಳ ಕೇಳುವ ಮುಂಚೆ ಭುಜ ಎಷ್ಟಗಲ ಅಂತ ಕೇಳಬೇಕು.

16 ನವೆಂಬರ್

ಒಬ್ಬರು ಬಂದಿದ್ದರು. ಉಪ್ಪಿಟ್ಟು ತಿಂದರು. ಕಾಗದ ಬರೀತೀವಿ ಅಂದರು.

21 ಜೂನ್ 1959

ಮಹದೇವೂಗೆ ಕೆಲಸ ಸಿಕ್ಕಿದೆ. ಮಡಿಕೇರಿ, ಪೋಸ್ಟಾಫೀಸು. ನಾಡಿದ್ದು ಹೊರಡುತ್ತಾನೆ. ಅಲ್ಲೀಗ ಮಳೆ, ಚಳಿ.

ಅವ್ವ ಟ್ರಂಕಿನ ಬೀಗ ತೆಗೆದಳು. ಕೋಟು ತಂದು ನನ್ನ ಮಿಷನ್ ಮೇಲಿಟ್ಟಳು. "ಇವ್ನ ಅಳತೆಗೆ ಸಣ್ಣ ಮಾಡ್ಬುಡು ಮಗ. ಸುಮ್ನೆ ಯಾಕೆ ಅಲ್ಲೇ ಬಿದ್ದಿರ್ಬೇಕು."

ಮಹದೇವು ಬೇಡವೇ ಬೇಡ ಅಂದ. "ಅದು ಅಕ್ಕನ ಮದ್ವೇದು ಕಣವ್ವ."

ಅವ್ವ ಅಡುಗೆಮನೆಗೆ ಹೋದಳು. ಅಪ್ಪ ಪೇಪರ್ ಓದುತ್ತಲೇ ಇದ್ದರು.

ಇವರೆಲ್ಲ ಯಾವಾಗ ಕೈಬಿಟ್ಟರು? ನನಗೊಂದು ಮಾತು ಹೇಳಬಹುದಿತ್ತು.

ತಮ್ಮನನ್ನು ನಿಲ್ಲಿಸಿ ಅಳತೆ ತೆಗೆದೆ. ಎದೆ, ಭುಜ, ತೋಳು. ಕಣ್ಣೊರೆಸಿಕೊಳ್ಳುತ್ತಿದ್ದ, ಕತ್ತೆ. ನೆಟ್ಟಗೆ ನಿಂತ್ಕೊ ಅಂದೆ.

ಬಿಚ್ಚಲು ಕೂತಿದ್ದೇನೆ. ಟ್ವೀಡಿನಲ್ಲಿ ದಾರ ಹೂತುಹೋಗುತ್ತದೆ, ಕಣ್ಣಿಗೆ ಸಿಗುವುದಿಲ್ಲ, ಬೆರಳಲ್ಲಿ ತಡವಿ ಹುಡುಕಬೇಕು. ಬೆನ್ನಿಗೆ ಎರಡೆರಡು ಹೊಲಿಗೆ ಹೊಡೆದಿದ್ದೆ, ಜೀವಮಾನ ಬರಲಿ ಅಂತ. ಎಡ ಭುಜ ಬಿಟ್ಟುಕೊಂಡಿತು. ಬಲದ್ದು ಇನ್ನೂ —