ಹಸಿರು ಚುಕ್ಕೆ ಯಾರ ಸಲುವಾಗಿ

ಕಮಲಾಪುರ
೧೪ ಜುಲೈ ೨೦೨೫

ಪ್ರೀತಿಯ ಅಂಜನಾ,

ಮೈ ಹೇಗಿದೆ? ಗಂಧೆಗಳು ಮತ್ತೆ ಎದ್ದಿಲ್ಲ ತಾನೇ? ಉಸಿರಾಟ ಸಲೀಸಾಗಿದೆಯೇ? ಫೋನಿನಲ್ಲಿ ಕೇಳಿದರೆ "ಆರಾಮ ಇದೀನವ್ವಾ" ಎಂದು ಇಟ್ಟುಬಿಡುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಪತ್ರವನ್ನು ನಡುವೆ ಕತ್ತರಿಸಲು ನಿನಗೆ ಬರುವುದಿಲ್ಲ. ಇಲ್ಲಿ ನಾವು ಕ್ಷೇಮ. ನಿನ್ನ ಅಪ್ಪ ಮಾತ್ರ ಎಮ್ಮೆಯ ಮೈಯಲ್ಲಿ ಉಣ್ಣೆ ಹುಳ ಹುಡುಕಿ ಹುಡುಕಿ ಕಿತ್ತು ಬಯ್ಯುತ್ತಾ ಕೂರುತ್ತಾರೆ. ದನದ ಡಾಕ್ಟರಾದ ಮಗಳಿಗೆ ಉಣ್ಣೆ ಕಚ್ಚಿ, ಹಾಲು ತುಪ್ಪವೇ ವಿಷವಾಯಿತು ಎಂಬುದು ಅವರಿಗಿನ್ನೂ ಅರಗಿಲ್ಲ. ನನಗೂ ಅಷ್ಟೇ. ಆ ಕಡಿತದಿಂದ ಬಂದ ಅಲರ್ಜಿಗೆ ಕುರಿ, ದನದ ಮಾಂಸ ಮುಟ್ಟಬಾರದು ಎಂದು ಡಾಕ್ಟರು ಹೇಳಿದಾಗ, ನಮ್ಮ ಮನೆಯಲ್ಲಿ ಅದಕ್ಕೇನು ಕಷ್ಟ ಎಂದು ನಕ್ಕವಳು ನಾನೇ. ಹಾಲೂ ಬೇಡ ಎಂದಾಗ, ಹಾಗಾದರೆ ತಿನ್ನುವುದೇನನ್ನು ಎಂದು ಕೇಳಿದವಳೂ ನಾನೇ.

ಜೇವರ್ಗಿ ಕಾಲೋನಿಯ ನಿನ್ನ ಕೋಣೆಗೆ ಕಳಿಸಲೆಂದು ಶುಕ್ರವಾರ ಚೀಲ ತುಂಬಿದ್ದೆ. ಮನೆಯ ತಿನಿಸಿಗೆಲ್ಲ ತುಪ್ಪ ಬಿಟ್ಟು ಬರೀ ಎಣ್ಣೆ. ಅಂಗಡಿಯ ಪೊಟ್ಟಣಗಳನ್ನು ಹಸಿರು ಚುಕ್ಕೆ ನೋಡಿ ಆರಿಸಿದ್ದೆ. ಆ ಚುಕ್ಕೆ ಕಂಡರೆ ನಮ್ಮಂಥವರಿಗೆ ಮುಗಿಯಿತು, ಹಿಂದೆ ತಿರುಗಿಸಿ ಓದುವ ರೂಢಿಯೇ ಇಲ್ಲ. ಪಕ್ಕದ ಮನೆಯ ಇಮಾಮಬಿಯ ಸೊಸೆ ಫರ್ಹೀನ್ ಹಾಗಲ್ಲ. ಜೆಲಟಿನ್ ಇದ್ದೀತೆಂದು ಮಕ್ಕಳ ಚಾಕ್ಲೇಟನ್ನೂ ತಿರುಗಿಸಿ ಓದುವವಳು. ಕೊತ್ತಂಬರಿ ಕೇಳಲು ಬಂದವಳು ಚೀಲದಲ್ಲಿದ್ದ ಮಸಾಲಾ ಚಿಪ್ಸ್ ಎತ್ತಿಕೊಂಡು ನೋಡಿದಳು. "ಕಾಕಿ, ಇದರಾಗ ಹಾಲಿನ ಪುಡಿ ಅದರೀ. ಹಸಿರು ಚುಕ್ಕಿ ನಿಮ್ಮ ಸಲುವಾಗಿ ಅದ, ಅಂಜನಾನ ಸಲುವಾಗಿ ಅಲ್ಲ" ಎಂದಳು. ಇನ್ನೊಂದು ಗಂಟೆ ಕಳೆದಿದ್ದರೆ ಆ ಚೀಲ ಕಲಬುರಗಿಯ ಬಸ್ಸಿನಲ್ಲಿರುತ್ತಿತ್ತು.

ಇಬ್ಬರೂ ಕೂತು ಎಲ್ಲವನ್ನೂ ಓದಿದೆವು. ಬಿಸ್ಕತ್ತಿನಲ್ಲಿ ಬೆಣ್ಣೆ. ಸೂಪಿನ ಪುಡಿಯಲ್ಲಿ 'ವ್ಹೇ' ಎಂಬುದೊಂದು. ಅದೇನೆಂದು ಇಬ್ಬರಿಗೂ ಗೊತ್ತಿಲ್ಲ. ನಿನ್ನ ಅಣ್ಣ ಅಮರನಾಥನಿಗೆ ಫೋನ್ ಮಾಡಿದರೆ, ಹಾಲು ಒಡೆದಾಗ ಬಿಡುವ ನೀರು ಎಂದ. ಶಕ್ತಿಗೆಂದು ಇಟ್ಟಿದ್ದ ವಿಟಮಿನ್ ಗುಳಿಗೆಯ ಹೊದಿಕೆ ಜೆಲಟಿನ್ನಂತೆ, ಎಲುಬು ತೊಗಲು ಕುದಿಸಿ ತೆಗೆದದ್ದು. ದಿನಾ ಲಿಂಗಪೂಜೆ ಮುಗಿಸಿ ನಾನು ನುಂಗುತ್ತಿದ್ದದ್ದೂ ಅದನ್ನೇ. ಫರ್ಹೀನ್ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು, ನಾನೂ ನಕ್ಕೆ. ಕೊನೆಗೆ ಚೀಲದಲ್ಲಿ ಉಳಿದದ್ದು ಜೋಳದ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಪುಟಾಣಿ ಕಡಲೆ ಮತ್ತು ನಮ್ಮ ಕೆಂಪು ಬಾಳೆಹಣ್ಣು. ನೀನು ಬಹಳ ಇಳಿದಿದ್ದೀ. ಇಷ್ಟರಲ್ಲಿ ನಿನ್ನ ಮೈ ತುಂಬುವುದು ಹೇಗೆ ಎಂಬುದೇ ನನ್ನ ಚಿಂತೆ.

ಅಪ್ಪನ ಆಶೀರ್ವಾದ. ಶರಣಬಸವೇಶ್ವರ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಕಸ್ತೂರಿಬಾಯಿ

ತಾ.ಕ.: ಬಸ್ಸು ಬರುವ ಹೊತ್ತಾಯಿತು, ಚೀಲದ ಜೊತೆ ಈ ಪತ್ರವನ್ನೂ ಕೊಟ್ಟು ಕಳಿಸುತ್ತೇನೆ. ಕೋಳಿ ತತ್ತಿ ನಿನಗೇನೂ ಮಾಡುವುದಿಲ್ಲ, ತಿಂದರೆ ಶಕ್ತಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದನ್ನು ನನ್ನಿಂದ ಮುಚ್ಚಿಟ್ಟೆಯಲ್ಲ, ಅದು ಅಮರನಾಥನ ಬಾಯಿಂದ ಬಂತು. ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. ಹಿತ್ತಲ ಒಲೆಯ ಹತ್ತಿರ ಒಂದು ಹೊಸ ಪಾತೇಲಿ ಇಟ್ಟಿದ್ದೇನೆ. ಎಷ್ಟು ಹೊತ್ತು ಕುದಿಸಬೇಕೆಂದು ಫರ್ಹೀನಳನ್ನು ಕೇಳಿಕೊಂಡಿದ್ದೇನೆ. ಭಾನುವಾರ ಬಾ. ಎಲ್ಲೋ ಕದ್ದು ತಿನ್ನಬೇಡ, ನನ್ನ ಕಣ್ಣೆದುರು ತಿನ್ನು.