ಗೊರಕೆಯ ಹಾರ್ನು

ಭಾನುವಾರ, ಸಂಜೆ

ಮುನಿಸಿಕೊಂಡ ಅಕ್ಕನಿಗೆ,

ಅಜ್ಜ ನಿನಗೆ ಬಾಗಿಲು ತೆಗೆಯಲಿಲ್ಲವೆಂಬ ಮುನಿಸನ್ನು ಆಮೇಲೆ ಮುಂದುವರಿಸು, ಮೊದಲು ಸುದ್ದಿ ಕೇಳು. ನಮ್ಮ ಗೊರಕೆ ಪಾಸಾಯಿತು! ಅಜ್ಜನ ಕಾರಿಗೆ ಆ ಹೆಸರಿಟ್ಟವಳು ನೀನೇ, ಮರೆತಿಲ್ಲ ತಾನೆ?

ಇವತ್ತು ಮೈದಾನದಲ್ಲಿ ಹಳೆಯ ಕಾರುಗಳ ಪರೀಕ್ಷೆ ಇತ್ತು. ಕ್ಲಾಸಿಕ್ ಎಂಬ ಬಿಲ್ಲೆ ಸಿಗದಿದ್ದರೆ ನಾಳೆಯೇ ಗುಜರಿಗೆ ಎಂದು ಅಜ್ಜ ಹಟ ಹಿಡಿದಿದ್ದ. ಹಿಂದಿನ ಸೀಟಿನಲ್ಲಿ ಕೂರುವವಳೇ ಬರುವುದಿಲ್ಲ, ಯಾರಿಗಾಗಿ ಇಟ್ಟುಕೊಳ್ಳಲಿ ಎಂಬುದು ಅವನ ವಾದ.

ಪರೀಕ್ಷೆಗೆ ಬಂದ ಮೇಡಂ ಕಾರಿನಡಿ ಅಂಗಾತ ಮಲಗಿ ಎಲ್ಲ ನೋಡಿದರು. ವಯಸ್ಸೊಂದೇ ಸಾಲದು, ಕಾರ್ಖಾನೆಯಿಂದ ಹೇಗೆ ಬಂತೋ ಹಾಗೇ ಇರಬೇಕು, ಇಲ್ಲದಿದ್ದರೆ ಅದು ಬರೀ ಹಳೇ ಕಾರು ಎಂದರು. ಅಜ್ಜ ಎದೆಯುಬ್ಬಿಸಿ, 'ಒಂದು ಸ್ಕ್ರೂ ಕೂಡ ಬದಲಾಯಿಸಿಲ್ಲ ತಾಯಿ' ಅಂದ. ನನ್ನ ಬಾಯಿ ನಿನಗೆ ಗೊತ್ತಲ್ಲ. 'ಹಾರ್ನು ಮಾತ್ರ ಲಾರೀದು' ಅಂದುಬಿಟ್ಟೆ. ಮೇಡಂ ಒತ್ತಿ ನೋಡಿದರು. ಪಕ್ಕದ ಕಾರಿನ ಯಜಮಾನರ ಕೈಯಲ್ಲಿದ್ದ ಚಹಾ ಅವರ ಬಿಳಿ ಅಂಗಿಯ ಮೇಲೆ!

'ಸ್ಕೂಲು ಬಿಟ್ಟೆಯಲ್ಲ, ಬಾಯಿ ಮುಚ್ಕೊಂಡು ಕೂರೋದಾದ್ರೂ ಕಲಿತು ಬಿಡಬಾರ್ದಿತ್ತಾ?' ಎಂದು ಅಜ್ಜ ಹಲ್ಲು ಕಡಿದ. ಮೇಡಂ ಮಾತ್ರ ನಗು ತಡೆಯಲಾರದೆ, ಹಳೆಯ ಹಾರ್ನು ಉಳಿದಿದ್ದರೆ ಮಧ್ಯಾಹ್ನದೊಳಗೆ ಹಾಕಿ ತೋರಿಸಿ ಎಂದರು.

ಉಳಿದಿದೆ, ಎಲ್ಲಿ ಅಂತ ನಿನಗೂ ಗೊತ್ತು. ಅದರ ಮೆಲುದನಿ ರಸ್ತೆಯಲ್ಲಿ ಯಾರಿಗೂ ಕೇಳಿಸುವುದಿಲ್ಲವೆಂದು ಅಜ್ಜ ಅದನ್ನು ನಮ್ಮ ಮನೆಯ ಬೆಲ್ ಮಾಡಿದ್ದಲ್ಲವೇ! ಸೈಕಲ್ ತುಳಿದುಕೊಂಡು ಹೋಗಿ, ಬಾಗಿಲಿಂದ ಬಿಚ್ಚಿ ತಂದು ಕಾರಿಗೆ ಜೋಡಿಸಿದೆ. 'ಪೋಂ' ಅಂತ ಮಗುವಿನ ಹಾಗೆ ಕೂಗಿತು ನೋಡು, ಅಜ್ಜ ಮುಖ ಆಚೆ ತಿರುಗಿಸಿಕೊಂಡ. ಬಿಲ್ಲೆ ಕೈಗೆ ಬಂದ ಮೇಲೆ ಸಿಕ್ಕಸಿಕ್ಕವರಿಗೆಲ್ಲ, 'ನಮ್ಮನೇಲಿ ಕಾರಾದ್ರೂ ಪಾಸಾಯ್ತು' ಎಂದು ಹೇಳಿದ್ದೇ ಹೇಳಿದ್ದು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ನಿನ್ನ ಬಾಯಿಬಡುಕಿ ತಂಗಿ,
ಚಿನಕುರಳಿ

ತಾ.ಕ.: ಬೆಲ್ ಬಿಚ್ಚುವಾಗ ನೋಡಿದೆ, ಗೋಡೆಯ ಹಿಂದೆ ಅದರ ತಂತಿಯನ್ನು ಇಲಿ ಕಡಿದುಹಾಕಿತ್ತು. ಆವತ್ತು ನೀನು ಒತ್ತಿ ಒತ್ತಿ, ಒಳಗೆ ರೇಡಿಯೋ ಸದ್ದು ಕೇಳಿಸುತ್ತಿದ್ದರೂ ಯಾರೂ ಏಳಲಿಲ್ಲವೆಂದು ವಾಪಸು ಹೋದೆಯಲ್ಲ, ಬೆಲ್ ಸದ್ದೇ ಮಾಡಿರಲಿಲ್ಲ ಕಣೇ. ಹೇಳಿದ್ದೇ ತಡ, ಅಜ್ಜ ಸ್ಕ್ರೂಡ್ರೈವರ್ ಹುಡುಕಿಕೊಂಡು ಹೋದ. ಈಗ ಬಾಗಿಲಲ್ಲಿ ಹೊಸ ತಂತಿಯೊಂದಿಗೆ ಲಾರಿ ಹಾರ್ನು ಇದೆ. ಬಂದು ಒತ್ತು. ಇಡೀ ಬೀದಿಯೇ ಬಾಗಿಲು ತೆಗೆಯುತ್ತದೆ.