ಎರಡು ಕಿಟಕಿಯ ಮನೆ

ಮನೆ, ಸೋಮವಾರ
ಬೆಳಗ್ಗೆ ಹನ್ನೊಂದು ಗಂಟೆ

ಪ್ರೀತಿಯ ಅಪ್ಪಾ (ಅಭ್ಯಾಸಬಲದಿಂದ ಬರೆದದ್ದು, ಹಿಗ್ಗಬೇಡಿ),

ಹೇಗಿದ್ದೀರಿ ಎಂದು ಕೇಳಬೇಕು. ಕೇಳಿ ಏನು ಪ್ರಯೋಜನ? 'ಗುಂಡುಕಲ್ಲಿನ ಹಾಗಿದ್ದೀನಿ ಕಣೇ' ಅನ್ನುತ್ತೀರಿ. ಫೋನಿನಲ್ಲಿ ಬೈದರೆ ನಕ್ಕು ಇಟ್ಟುಬಿಡುತ್ತೀರಿ, ಅದಕ್ಕೇ ಕಾಗದ. ಮೊಮ್ಮಗಳಿಗೆ ನಾಲ್ಕು ತಿಂಗಳು ತುಂಬಿತು. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅವಳ ಮೂಗಿನ ಹತ್ತಿರ ಬೆರಳು ಹಿಡಿದು ನೋಡುವುದರಲ್ಲೇ ನನ್ನ ನಿದ್ದೆಯೆಲ್ಲ ಮುಗಿಯುತ್ತದೆ.

ಮೂರು ವಾರದ ಹಿಂದೆ ನೀವೊಂದು ಒಗಟು ಕಳಿಸಿದಿರಿ. 'ಒಂದು ಮನೆಗೆ ಎರಡು ಕಿಟಕಿ. ಒಂದು ಮುಚ್ಚಿಹೋಯಿತು, ಇನ್ನೊಂದರಲ್ಲಿ ಹಗಲೂ ಮಬ್ಬು. ಮನೆಯೊಡೆಯ ಮಾತ್ರ ತುಟಿ ಬಿಚ್ಚ.' ನಮ್ಮ ಮನೆಯ ಕಾನೂನು ನೀವೇ ಮಾಡಿದ್ದು: ಬಿಡಿಸುವವರು 'ಸೋತೆ' ಅನ್ನುವ ತನಕ ಕೇಳಿದವರು ಉತ್ತರ ಹೇಳಕೂಡದು. ಏಳನೇ ವಯಸ್ಸಿನಿಂದ ನಾನು ಆ ಮಾತು ಆಡಿದವಳಲ್ಲ, ಈಗ ಆಡುತ್ತೇನೆಯೇ? ಬಟ್ಟೆ ಒಗೆಯುತ್ತಾ, ಹಾಲು ಕಾಯಿಸುತ್ತಾ ಅದನ್ನೇ ಮೆಲುಕು ಹಾಕಿದೆ. ಎಷ್ಟೋ ದಿನದ ಮೇಲೆ ತಲೆಗೊಂದು ಬೇರೆ ಕೆಲಸ ಸಿಕ್ಕಿತ್ತು. ನಿಜ ಹೇಳಬೇಕೆಂದರೆ, ಸುಖವಾಗಿತ್ತು. 'ಮುಚ್ಚಿದ ಟಿಕೆಟ್ ಕೌಂಟರ್' ಎಂದು ಬರೆದೆ. ಅಲ್ಲ ಅಂದಿರಿ. 'ಹಳೇ ಬಸ್ಸು' ಎಂದೆ. 'ಹತ್ತಿರವೂ ಬರಲಿಲ್ಲ, ದಡ್ಡಿ' ಎಂದು ಬರೆದು ಕೆಳಗೊಂದು ನಗುವ ಮುಖ ಬಿಡಿಸಿದಿರಿ. ಒಂದೊಂದು ಅಕ್ಷರವೂ ಗೋಲಿ ಗಾತ್ರ. ಮೊಮ್ಮಗಳಿಗೆಂದು ದೊಡ್ಡದಾಗಿ ಬರೆದಿದ್ದೀರಿ ಅಂದುಕೊಂಡೆ. ದಡ್ಡಿಯೇ ಸರಿ.

ನಿನ್ನೆ ಅವಳಿಗೆ ಸ್ನಾನ ಮಾಡಿಸಿ ಮುಖ ಒರೆಸುತ್ತಿದ್ದೆ. ಒಂದು ಕಣ್ಣು ಬಟ್ಟೆಯಡಿ, ಇನ್ನೊಂದು ಪಿಳಿಪಿಳಿ. ಥಟ್ಟನೆ ಹೊಳೆಯಿತು: ಮನೆಯೆಂದರೆ ಮುಖ, ಕಿಟಕಿಯೆಂದರೆ ಕಣ್ಣು! 'ಗೆದ್ದೆ!' ಎಂದು ಕೂಗಿಬಿಟ್ಟೆ. ಮಗು ಬೆಚ್ಚಿ ಅತ್ತಿತು. ಎತ್ತಿಕೊಳ್ಳುವಷ್ಟರಲ್ಲಿ ಮನೆಯೊಡೆಯ ನೀವೇ ಎಂಬುದೂ ಹೊಳೆಯಿತು.

ನಿಮ್ಮ ಪಕ್ಕದಂಗಡಿಯ ದರ್ಜಿ ಮಾಮನಿಗೆ ಫೋನ್ ಮಾಡಿದೆ. 'ಎಡಗಣ್ಣು ಪೂರ್ತಿ ಹೋಯ್ತಮ್ಮ. ಬಲಗಣ್ಣಿಗೆ ಬೇಗ ಆಪರೇಷನ್ ಆಗ್ಬೇಕಂತೆ. ಬಾಣಂತಿಗೆ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು' ಅಂದರು. ಬೇಗ! ಮೂರು ವಾರ ಆಯಿತಪ್ಪಾ! ಗಡಿಯಾರ ರಿಪೇರಿ ಮಾಡುವವರಿಗೆ ಹೊತ್ತಿನ ಲೆಕ್ಕ ನಾನು ಹೇಳಿಕೊಡಬೇಕೇ? ಹೇಳುವುದಿದ್ದರೆ ನೆಟ್ಟಗೆ ಹೇಳಬೇಕಿತ್ತು, ಇಲ್ಲವೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಹೇಳಿದ ಹಾಗೂ ಆಗಬೇಕು, ಹೇಳದ ಹಾಗೂ ಇರಬೇಕು, ಇದೆಂಥ ಹುಡುಗಾಟ? ನಿಮಗೆ ಅಲ್ಲಿ ಕತ್ತಲು ಕವಿಯುತ್ತಿರುವಾಗ ನಾನಿಲ್ಲಿ ಬಸ್ಸು, ಟಿಕೆಟ್ಟು ಎಂದು ಮಜಾ ಮಾಡುತ್ತಿದ್ದೆನಲ್ಲ, ಆ ಪಾಪ ಯಾರ ತಲೆಗೆ ಕಟ್ಟಲಿ? ಈ ಕಾಗದವನ್ನು ದರ್ಜಿ ಮಾಮನೇ ಓದಿ ಹೇಳುತ್ತಿದ್ದರೆ, ಮಾಮ, ಬೈಗುಳದಲ್ಲಿ ಅರ್ಧ ನಿಮ್ಮ ಪಾಲು. ಒಂದನ್ನೂ ನುಂಗದೆ ಓದಿ.

ಇವರು ನಮಸ್ಕಾರ ಹೇಳಿದ್ದಾರೆ. ನನ್ನದು ಸಿಟ್ಟು ಇಳಿದ ಮೇಲೆ.

ಕೆಂಡವಾಗಿರುವ,
ನಿಮ್ಮ ಮಗಳು

ಮರೆತೆ: ಆಸ್ಪತ್ರೆಯಲ್ಲಿ ಶುಕ್ರವಾರಕ್ಕೆ ನಿಮ್ಮ ಹೆಸರು ಬರೆಸಿದ್ದಾಗಿದೆ. ಗುರುವಾರ ಬೆಳಗಿನ ಬಸ್ಸಿಗೆ ಮಗುವನ್ನೆತ್ತಿಕೊಂಡು ಬರುತ್ತಿದ್ದೇನೆ. ಫೋಟೋ ಕಳಿಸಿದಾಗ 'ಥೇಟ್ ನಿನ್ನ ಮೂಗು' ಎಂದು ಬರೆದಿದ್ದಿರಿ. ಕಂಡಿತ್ತೇ ಅಪ್ಪಾ, ಇಲ್ಲ ಅಂದಾಜಿನ ಮೇಲೆ ಬರೆದಿರೇ? ಆಪರೇಷನ್ನಿಗೆ ಮೊದಲೇ, ಬೆಳಕಿರುವಾಗ, ಅವಳನ್ನು ಹತ್ತಿರ ಹಿಡಿದು ಒಂದು ಸಲ ನೋಡಿಬಿಡಿ.